ಹೆಸರಿಗೆ ಮಾಲೀಕ

"ಬೋಳಿಮಗನೆ, ಬ್ರೇಕ್ ಹೋಯ್ತಂತೆ. ಬ್ರ್ಯಾಂಡ್ ನ್ಯೂ ಗಾಡಿ ಕಣೋ ಅದು. ಎತ್ತಿನ ಗಾಡಿ ಹೊಡ್ಕೊಂಡಿದ್ದೋನ ಕೈಗೆ ಕೊಟ್ಟೆನಲ್ಲ, ನನಗೆ ನಾನೇ ಹೊಡ್ಕೋಬೇಕು."

ಪ್ರಭಾಕರ ಬೈಯುತ್ತಲೇ ಇದ್ದ. ಸಿದ್ದಲಿಂಗ ವ್ಯಾನಿನ ಹಿಂಬದಿಯಲ್ಲಿ ಮಂಡಿಯೂರಿ, ಚೆಲ್ಲಿದ್ದ ಸಾಂಬಾರನ್ನು ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದ. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಚಳಿಗೆ ಅದು ಆಗಲೇ ಗಟ್ಟಿಯಾಗತೊಡಗಿತ್ತು.

"ತುಳಿದ್ರ ಪೆಡಲ್ ತಳಕ್ಕ ಹೋಗಿಬಿಡತೈತ್ರಿ ಸಾಹೇಬ್ರ. ಬಾಲವಾಡಿ ಕೂಸುಗಳು ಹಗ್ಗ ಹಿಡಕೊಂಡು ರಸ್ತಾ ದಾಟಾಕ ಹತ್ತಿದ್ವು. ಹಿಮದ ಗುಡ್ಡಿಗೆ ಹೊಡದು ನಿಲ್ಲಿಸೀನಿ."

"ಯಾರಿಗೂ ಏನೂ ಆಗಿಲ್ಲ ತಾನೇ? ನನ್ನ ಆರ್ಡರ್ ಹೋಯ್ತಲ್ಲ, ಅದಕ್ಕೇನಂತೀಯಾ?"

ಸಿದ್ದಲಿಂಗ ಬಟ್ಟೆ ಹಿಂಡುತ್ತಲೇ ಇದ್ದ. ಬೀಳಗಿಯ ಕಡೆಯಿಂದ ಆ ವರ್ಷವಷ್ಟೇ, ಎರಡು ಸಾವಿರದ ಒಂಬತ್ತರಲ್ಲಿ, ಪ್ರಭಾಕರನ ಹೋಟೆಲಿಗೆ ಅಡುಗೆಯವನಾಗಿ ಬಂದವನು. ಬೇಯಿಸುವವನೂ ಅವನೇ, ಹೊತ್ತು ಹಾಕುವವನೂ ಅವನೇ. ಪರ್ಮಿಟ್ಟು ಆ ಹೋಟೆಲಿಗೇ ಕಟ್ಟುಬಿದ್ದಿತ್ತು. ಕೆಲಸ ಹೋದರೆ ದೇಶವೂ ಹೋದಂತೆ. ಗಾಡಿ ಕೊಳ್ಳುವಾಗ ಪ್ರಭಾಕರ ಅದನ್ನು ಇವನ ಹೆಸರಿಗೇ ಮಾಡಿಸಿ, ಇವನ ಕೈಯಲ್ಲೇ ಸಹಿ ಹಾಕಿಸಿದ್ದ. ಮನೆಬಳಕೆಗೆ ಕೊಂಡವನ ಬೆನ್ನಿಗೆ ಇಲ್ಲಿ ಕಾನೂನು ನಿಲ್ಲುತ್ತದೆ, ವ್ಯಾಪಾರಕ್ಕೆ ಕೊಂಡವನಿಗೆ ಹಾಗಿಲ್ಲ ಎಂದು ಯಾರೋ ಪ್ರಭಾಕರನ ಕಿವಿಯಲ್ಲಿ ಊದಿದ್ದರು.

ಮರುದಿನ ಇಬ್ಬರೂ ದೂರು ಹೊತ್ತು ಹೋದ ಪುರಸಭೆಯ ಕಚೇರಿಯಲ್ಲಿ ಗ್ರಾಹಕರಿಗೆ ಸಲಹೆ ಕೊಡುವ ಹೆಂಗಸು ಬಿಡಿಸಿ ಬಿಡಿಸಿ ಹೇಳಿದಳು. ಹೊಸ ಗಾಡಿಯಲ್ಲಿ ದೋಷವಿದ್ದರೆ ಮಾರಿದವರೇ ಸರಿ ಮಾಡಿಕೊಡಬೇಕು; ಆಗದಿದ್ದರೆ ಗಾಡಿ ವಾಪಸ್ ಪಡೆಯಬೇಕು. "ಇದು ನಿಮ್ಮ ಸ್ವಂತ ಉಪಯೋಗಕ್ಕೆ ತಾನೆ?"

"ಸ್ವಂತಕ್ಕೇ," ಎಂದ ಪ್ರಭಾಕರ. "ಹೆಂಡತಿ, ಮಕ್ಕಳನ್ನು ಕರೆದುಕೊಂಡು ಓಡಾಡುತ್ತಾನೆ."

ಆಕೆ ಸಿದ್ದಲಿಂಗನ ಮುಖ ನೋಡಿದಳು. ಅವನ ಹೆಂಡತಿ ಮಕ್ಕಳು ಬೀಳಗಿ ದಾಟಿದವರಲ್ಲ. ಆದರೂ ಅವನು ಹೌದೆಂದು ತಲೆಯಾಡಿಸಿದ.

ಗಾಡಿ ಮಾರಿದ ಶೋರೂಮಿನವನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಹಿಂದೆ ಎರಡು ಸಲ ಗಾಡಿ ಇಟ್ಟುಕೊಂಡು, ದೋಷವೇ ಕಾಣಲಿಲ್ಲವೆಂದು ಕಳಿಸಿದ್ದವನು ಈ ಸಲ ಹಿಂಬಾಗಿಲು ತೆಗೆದು ಮೂಸಿ ನೋಡಿದ.

"ಬಹಳ ದೊಡ್ಡ ಕುಟುಂಬ," ಎಂದು ನಕ್ಕ. "ಇದು ಹೋಟೆಲಿನ ಗಾಡಿ. ದೂರು ಮುಂದುವರಿಸಿ, ನಾನೂ ತೆರಿಗೆಯವರಿಗೊಂದು ಫೋನ್ ಮಾಡುತ್ತೇನೆ."

ಅಲ್ಲಿಯವರೆಗೆ ಎದೆಯುಬ್ಬಿಸಿ ನಿಂತಿದ್ದ ಪ್ರಭಾಕರ ಹಲ್ಲುಗಿಂಜಿದ. ಹೊರಗೆ ಬಂದು ಕೀಲಿಯನ್ನು ಸಿದ್ದಲಿಂಗನ ಕೈಗೆ ತುರುಕಿದ.

"ಸ್ಲೋ ಆಗಿ ಓಡ್ಸು, ಏನಾಗಲ್ಲ. ಸಂಜೆ ಲಾರಿ ಫ್ಯಾಕ್ಟರಿಯವ್ರ ಪಾರ್ಟಿ ಇದೆ."

"ಇವತ್ತ ನೀವು ಓಡಸ್ರಿ. ನಾ ಬಾಜೂಕ ಕೂಡ್ತೀನಿ."

ಪ್ರಭಾಕರನ ಎರಡೂ ಕೈ ಕೋಟಿನ ಜೇಬಿಗೆ ಹೋದವು. "ನಾನ್ಯಾಕೋ ಸಾಯ್ಲಿ?"

ಸಿದ್ದಲಿಂಗನಿಗೆ ಸಿಟ್ಟು ಬರಲಿಲ್ಲ, ಸಿಟ್ಟಾಗುವಷ್ಟು ಕಸುವು ಮೈಯಲ್ಲಿ ಉಳಿದಿರಲಿಲ್ಲ. ಮೊಬೈಲು ತೆಗೆದು ರಸ್ತೆ ಇಲಾಖೆಗೆ ಫೋನ್ ಮಾಡಿದ. ಪ್ರಭಾಕರ ತನ್ನ ಹಳೆಯ ಗಾಡಿಯ ಓಡಾಟವನ್ನು ಹಾಗೆಯೇ ಒಂದು ಫೋನಿನಲ್ಲಿ ನಿಲ್ಲಿಸಿದ್ದನ್ನು ಅವನು ಕಂಡಿದ್ದ. ಹರಕು ಸ್ವೀಡಿಷ್‌ನಲ್ಲಿ ಗಾಡಿಯ ನಂಬರು, ತನ್ನ ಗುರುತಿನ ಸಂಖ್ಯೆಯಾದ ಪರ್ಸೊನ್‌ನುಮ್ಮರ್ ಹೇಳಿದ. ಇನ್ನು ಈ ಗಾಡಿ ರಸ್ತೆಗಿಳಿಯುವುದು ಬೇಡ, ನೋಂದಣಿ ತಡೆಹಿಡಿಯಿರಿ ಎಂದ.

ನೀವೇ ಮಾಲೀಕರೋ ಎಂದು ಆ ಕಡೆಯ ದನಿ ಕೇಳಿತು.

"ಹೌದು. ನಾನೇ."

"ಏನ್ ಮಾಡ್ದೆ ಲೋ?" ಪ್ರಭಾಕರ ಅವನ ಜಾಕೆಟ್ಟು ಹಿಡಿದ. "ನಿನ್ನ ಪರ್ಮಿಟ್ ಕ್ಯಾನ್ಸಲ್ ಮಾಡಿಸ್ತೀನಿ, ಸೂಳೆಮಗನೆ. ನಾಳೆನೇ ಪ್ಲೇನ್ ಹತ್ತಿಸ್ತೀನಿ."

"ಹತ್ತಸ್ರಿ. ಈ ಗಾಡಿ ಮಾತ್ರ ನಾ ಹತ್ತಂಗಿಲ್ಲ."

ಜಾಕೆಟ್ಟು ಬಿಡಿಸಿಕೊಂಡು, ಕೀಲಿಯನ್ನು ತನ್ನ ಜೇಬಿಗೇ ಹಾಕಿಕೊಂಡು ನಡೆದ. ಬೈಗುಳ ಬಹಳ ದೂರ ಹಿಂದೆಯೇ ಬಂತು. ಮಲಗುವ ಕೋಣೆ ಹೋಟೆಲಿನ ಮೇಲಿನದು, ಅದೂ ಪ್ರಭಾಕರನದೇ. ಸ್ಟಾಪಿನಲ್ಲಿ ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಎಲ್ಲಿಗೆ ಎಂದು ಡ್ರೈವರ್ ಕೇಳಿದ. ಸಿದ್ದಲಿಂಗ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಣ್ಣನೆಯ ಕಂಬಿ ಹಿಡಿದು ನಿಂತೇ ಇದ್ದ.