ಕುಂಕುಮದ ಹಿಂದಿನ ಅಕ್ಷರಗಳು

ನಾನು ಒಂದು ಹಾರ್ಡ್‌ವೇರ್ ವಾಲೆಟ್. ಹೆಬ್ಬೆರಳಿನಷ್ಟು ಉದ್ದ, ಒಂದು ಪುಟ್ಟ ಪರದೆ, ಎರಡು ಗುಂಡಿ. ದೂರದ ಕಾರ್ಖಾನೆಯಲ್ಲಿ ನನ್ನೊಳಗೆ ಒಂದು ಚಿಪ್ ಇಟ್ಟು, ಬಾಯಿ ಬಿಡದ ಹಾಗೆ ಮಾಡಿ ಕಳಿಸಿದರು. ಕ್ರಿಪ್ಟೊ ಹಣ ನನ್ನಲ್ಲಿರುವುದಿಲ್ಲ, ಅದು ಇಂಟರ್‌ನೆಟ್ಟಿನ ಲೆಕ್ಕದಲ್ಲಿರುತ್ತದೆ. ಅದನ್ನು ಕಳಿಸಲು ಬೇಕಾದ ಗುಟ್ಟಿನ ಕೀಲಿ ಮಾತ್ರ ನನ್ನಲ್ಲಿ. ಕಂಪ್ಯೂಟರಿಗೆ ಚುಚ್ಚಿದರೂ ಕೀಲಿ ಹೊರಗೆ ಕೊಡುವುದಿಲ್ಲ. ಪಿನ್ ಮತ್ತೆ ಮತ್ತೆ ತಪ್ಪಿದರೆ ಎಲ್ಲ ಅಳಿಸಿಕೊಂಡು ಸುಮ್ಮನಾಗುತ್ತೇನೆ. ಇದರ ಜಂಬ ನನಗೆ ಬಹಳ ಇತ್ತು.

ನನ್ನನ್ನು ಕೊಂಡವನು ದಾವಣಗೆರೆಯ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯ ಚಿದಾನಂದ. ಅವನ ತಂಗಿ ಗಿರಿಜಾ ಬೇರೆಯವರ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅವಳಿಗೆ ಸ್ವಂತ ಎಂಬ್ರಾಯ್ಡರಿ ಮಷೀನು ಬೇಕಿತ್ತು. ಕೂಲಿಯಲ್ಲಿ ಉಳಿಸಿದ್ದನ್ನು ಅಣ್ಣನ ಕೈಗೆ ಕೊಡುತ್ತಿದ್ದಳು, ಅವನು ಕ್ರಿಪ್ಟೊ ಕೊಂಡಿಡುತ್ತಿದ್ದ.

ಆಯುಧಪೂಜೆಯ ದಿನ ಅವರ ಅವ್ವ ಕೊಟ್ರಮ್ಮ ಪ್ರಿಂಟರಿಗೆ, ಕತ್ತರಿಗೆ, ಬೈಕಿಗೆ ಗಂಧ ಕುಂಕುಮ ಹಚ್ಚಿ ನನಗೂ ಹಚ್ಚಿದಳು, ಪರದೆಯ ಸರಿ ನಡುವಿಗೆ. ಮಾರನೆಯ ದಿನ ವಿಜಯದಶಮಿ. ಮಷೀನಿಗೆ ದುಡ್ಡು ಕಟ್ಟಲು ಒಳ್ಳೆಯ ದಿನವೆಂದು ಚಿದಾನಂದ ಕ್ರಿಪ್ಟೊ ಮಾರಲು ಕೂತ. ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜಿನ ವಿಳಾಸ, ಅಂದರೆ ಉದ್ದನೆಯ ಒಂದು ಅಕ್ಷರಸಾಲು, ನಕಲು ಮಾಡಿ ಕಂಪ್ಯೂಟರಿನಲ್ಲಿ ಅಂಟಿಸಿದ. ಅಲ್ಲಿ ಅಡಗಿದ್ದ ಕಳ್ಳ ಪ್ರೋಗ್ರಾಂ ಅದನ್ನು ತೆಗೆದು ತನ್ನ ವಿಳಾಸ ಇಟ್ಟಿತು. ಎರಡೂ ತುದಿಯ ಅಕ್ಷರಗಳು ಹಾಗೇ, ನಡುವಿನವು ಬೇರೆ. ಕಂಪ್ಯೂಟರ್ ಮೋಸ ಹೋದರೂ ಹಣ ನಿಜವಾಗಿ ಎಲ್ಲಿಗೆ ಹೊರಟಿದೆ ಎಂದು ನನ್ನ ಪರದೆ ತೋರಿಸುತ್ತದೆ. ತೋರಿಸಿದೆ. ಕುಂಕುಮದ ಹಿಂದೆ.

ಗಿರಿಜಾ ಕುಂಕುಮ ಒರೆಸಲು ದುಪಟ್ಟಾದ ತುದಿ ಹತ್ತಿರ ತಂದಳು.

"ಏಯ್, ಹಬ್ಬದ ಕುಂಕುಮ ಇವತ್ತೇ ಒರಸ್ತಾರೇನೇ? ಮಷೀನು ಮನಿಗೆ ಬರೋದು ಬ್ಯಾಡೇನು?" ಎಂದಳು ಕೊಟ್ರಮ್ಮ.

"ಇರ್ಲಿ ಬಿಡವ್ವಾ, ನಿನ್ನ ಕುಂಕುಮ ಕಂಡ್ರೆ ಕಳ್ಳರೂ ಓಡ್ತಾರೆ," ಚಿದಾನಂದ ನಕ್ಕ. "ಮೊದ್ಲು ನಾಕು, ಕೊನಿಗೆ ನಾಕು ಅಕ್ಷರ ಸರಿ ಅದಾವು. ಸಾಕು."

ಎರಡೂ ಗುಂಡಿ ಒತ್ತಿದ. ಒತ್ತಿದರೆ ಹಣ ಹೋಗಲೆಂದು ನಾನು ಗುಟ್ಟಿನ ಕೀಲಿಯಿಂದ ಸಹಿ ಹಾಕಲೇಬೇಕು. ಹಾಕಿದೆ. ಕೂಗಲು ನನಗೆ ದನಿಯಿಲ್ಲ, ಹಾಕಿದ ಸಹಿ ವಾಪಸು ಬರುವಂಥದ್ದೂ ಅಲ್ಲ.

ಸಂಜೆಯಾದರೂ ಎಕ್ಸ್‌ಚೇಂಜಿಗೆ ಹಣ ಮುಟ್ಟಲಿಲ್ಲ. ಆಗ ಕುಂಕುಮ ಒರೆಸಿದರು, ನನ್ನ ಪರದೆ ಖಾಲಿಯಾಗಿತ್ತು. ಹಣ ಹೋದ ವಿಳಾಸವನ್ನು ಇಂಟರ್‌ನೆಟ್ಟಿನ ಲೆಕ್ಕದಲ್ಲಿ ತೆಗೆದು, ಮೂವರೂ ಆ ಅಕ್ಷರಗಳನ್ನು ಪೂರ್ತಿ ಓದಿದರು. "ನನ್ನ ಕೈ ಸೇದಿಹೋಗ್ಲಿ" ಎಂದು ಕೊಟ್ರಮ್ಮ ಅತ್ತಳು. ಗಿರಿಜಾ ಯಾರನ್ನೂ ಬೈಯಲಿಲ್ಲ. ಮರುದಿನ ಊಟದ ಡಬ್ಬಿ ಹಿಡಿದು ಅದೇ ಹಳೆಯ ಅಂಗಡಿಗೆ ಹೋದಳು.

ಈಗ ನಾನು ಮೇಜಿನ ಡ್ರಾಯರಿನಲ್ಲಿ ಹಳೆ ಸ್ಕ್ರೂಗಳ ಜೊತೆ ಬಿದ್ದಿದ್ದೇನೆ. ಗೆಳೆಯರು ಬಂದಾಗ, "ಹ್ಯಾಕ್ ಆಯ್ತೇನೋ ನಿಂದು?" ಎಂದು ಕೇಳುತ್ತಾರೆ. "ಇಲ್ಲಪ್ಪಾ, ಕೀಲಿ ಇನ್ನೂ ಭದ್ರ ಐತಿ. ಅದರದೇನೂ ತಪ್ಪಿಲ್ಲ," ಎನ್ನುತ್ತಾನೆ ಚಿದಾನಂದ.

ಅವನು ಹೀಗೆ ನನ್ನ ಪರ ಮಾತಾಡುವಾಗಲೇ ನನಗೆ ಹೆಚ್ಚು ನಾಚಿಕೆ. ಕೀಲಿ ಕಾದದ್ದು ನಿಜ. ಗಿರಿಜಾ ಹೊಲಿದ ಅಷ್ಟೂ ರವಿಕೆಗಳ ದುಡಿಮೆಯನ್ನು ಗುರುತಿಲ್ಲದವನೊಬ್ಬನಿಗೆ ಕಳಿಸಿಕೊಟ್ಟದ್ದು ನನ್ನದೇ ಸಹಿ.