ಬೀಸೋಕಲ್ಲಿನ ಅರ್ಧ ಹಾಡು

ನಮ್ಮಜ್ಜಿ ಚಲುವಮ್ಮನಿಗೆ ಬರುತ್ತಿದ್ದುದು ಅರ್ಧ ಹಾಡು. ಸಂತೆಬಾಚಹಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಮಾಯಮ್ಮನೊಂದಿಗೆ ರಾಗಿ ಬೀಸುತ್ತಿದ್ದಳಂತೆ. ಒಂದೇ ಗೂಟಕ್ಕೆ ಇಬ್ಬರ ಕೈ. ಅಜ್ಜಿ ಹಾಡಿನಲ್ಲಿ ಪ್ರಶ್ನೆ ಕೇಳಬೇಕು, ಮಾಯಮ್ಮ ಉತ್ತರ ಹೇಳಬೇಕು. ಆಮೇಲೆ ಮಾಯಮ್ಮ ಗಂಡನ ಜೊತೆ ಪುಣೆಗೆ ಹೋದಳು, ಊರಿಗೆ ಮಿಲ್ಲು ಬಂತು. ಪ್ರಶ್ನೆಗಳು ಅಜ್ಜಿಯ ಬಾಯಲ್ಲೇ ಉಳಿದವು, ಉತ್ತರಗಳು ಮರೆತುಹೋದವು.

"ಸಾಯಕ್ ಮುಂಚೆ ಒಂದ್ಸಲ ಕೇಳ್ಬುಟ್ರೆ ಸಾಕು ಕಣವ್ವ," ಅನ್ನುತ್ತಿದ್ದಳು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ನಾನು ನಾಗಮಂಗಲದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಫೋನ್ ಲೈನು ಕಿರ್‍ರೋ ಎಂದು ಅರಚಿದ ಮೇಲಷ್ಟೇ ಇಂಟರ್ನೆಟ್ಟು ಬರುತ್ತಿದ್ದ ಕಾಲ. ಅಲ್ಲೊಂದು ಪುಟ ಸಿಕ್ಕಿತು. ಎಲ್ಲೆಲ್ಲೋ ಇದ್ದ ಕನ್ನಡದವರು ತಂತಮ್ಮ ಮನೆಯ ಹಾಡುಗಳನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೇರಿಸುತ್ತಿದ್ದರು. ನಮ್ಮ ಅಕ್ಷರಕ್ಕೆ ಅಲ್ಲಿ ಜಾಗವಿಲ್ಲವೆಂದು ನನಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ಅಜ್ಜಿಯ ಮೊದಲ ಪ್ರಶ್ನೆಯನ್ನೂ ಇಬ್ಬರು ಗೆಳತಿಯರ ಹೆಸರು, ಊರನ್ನೂ ಬರೆದೆ:

ಬೆಟ್ಟದ ಮ್ಯಾಲಿನ ಚುಕ್ಕಿ ಯಾರ ಮನೆ ದೀಪವೆ?

ಮಿಕ್ಕ ಪ್ರಶ್ನೆಗಳನ್ನು ಹಾಕಲು ಅಜ್ಜಿ ಬಿಡಲಿಲ್ಲ. "ಉತ್ರ ಬರೋಗಂಟ ಮುಂದ್ಕೋಗಂಗಿಲ್ಲ. ಕಲ್ಲು ನಿಂತೋಯ್ತದೆ."

"ಪೂರ್ತಿ ಹಾಡು ಹಾಕಿ" ಎಂದು ಒಬ್ಬ ಬುದ್ಧಿವಂತ ಬರೆದ. ಇದ್ದಿದ್ದರೆ ಹಾಕುತ್ತಿರಲಿಲ್ಲವೇ ಮಹಾರಾಯ!

ಮಾಗಿಯ ಒಂದು ಬೆಳಿಗ್ಗೆ ಅಜ್ಜಿಯ ಪ್ರಶ್ನೆಯ ಕೆಳಗೆ ಪುಣೆಯ ಮೇಘನಾ ಎಂಬುವಳ ಬರಹ ಕಂಡಿತು. ಮನೆಗೆ ಓಡಿಹೋಗಿ ಅಜ್ಜಿಯನ್ನು ಕರೆತಂದು ಕೂರಿಸಿ, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ಮಾಯಮ್ಮ ನನ್ನ ತಾಯಿ. ಹೋದ ವರ್ಷ ತೀರಿಕೊಂಡಳು. ನಮ್ಮ ಮನೆಯಲ್ಲಿ ಕನ್ನಡ ಎಂದರೆ ಅವಳೊಬ್ಬಳೇ. ಕೆಲಸ ಮಾಡುವಾಗ ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದಳು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು. ನಡುವೆ ಯಾಕೆ ಕಾಯುತ್ತಾಳೆಂದು ನಮಗೆ ತಿಳಿಯುತ್ತಿರಲಿಲ್ಲ. ಮೊದಲ ಸಾಲು ಇದು: ನಿನ್ನ ದಾರಿ ಕಾಯೋ ನನ್ನ ಮನೆ ದೀಪ ಕಣೆ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಆಮೇಲೆ ಅಜ್ಜಿ ಕಣ್ಣು ಮುಚ್ಚಿ ಕೂತಳು. ಅವಳ ಕೈ ಮೇಜಿನ ಮೇಲೆ ಮೆಲ್ಲಗೆ ಸುತ್ತತೊಡಗಿತು. ಕಂಪ್ಯೂಟರಿನ ಗುಂಯ್‌ಗುಡುವ ಸದ್ದು ಕಲ್ಲಿನ ಸದ್ದಾಯಿತು. ಕಿಟಕಿಯ ಬಿಸಿಲಲ್ಲಿ ತೇಲುತ್ತಿದ್ದ ಧೂಳೆಲ್ಲ ರಾಗಿ ಹಿಟ್ಟು. ನಂಬಿದರೆ ನಂಬಿ, ನನಗೆ ಅದರ ವಾಸನೆಯೂ ಬಂತು.

"ಮೇಘನಾಗೆ ಏನಂತ ಬರೀಲಜ್ಜಿ?" ಎಂದೆ.

ಅಜ್ಜಿ ಕಣ್ಣು ಬಿಡದೆ ಎರಡನೇ ಪ್ರಶ್ನೆಯನ್ನು ಹಾಡಿದಳು:

ದೀಪಕ್ಕೆ ಎಣ್ಣೆಯ ಎರೆದೋರು ಯಾರವ್ವ?

"ಬಿರ್‍ನೆ ಬರಿಯವ್ವ," ಎಂದಳು. "ಪಾಪ, ಆ ಹೆಣ್ಮಗ ಕಾಯ್ತಾ ಕುಂತದೆ."