ಕ್ಲಾರಿನೆಟ್ಟಿನವರ ಶ್ವಾಸಕೋಶ

ನನ್ನ ಗಂಡ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವರು. ಊದುವುದೊಂದು ಬಿಟ್ಟು ಬೇರೆ ಯಾವ ವಿಷಯದಲ್ಲಿ ಅವರನ್ನು ನಂಬಿದರೂ ಕೆಟ್ಟೆವು. ಹೋದ ವರ್ಷ ಲಿವರಿನಲ್ಲಿ ಕ್ಯಾನ್ಸರ್ ಅಂತ ಅದರ ಒಂದು ಭಾಗವನ್ನೇ ತೆಗೆದಿದ್ದರು. ಗಂಡಾಂತರ ಕಳೆಯಿತು ಅಂದುಕೊಳ್ಳುವಷ್ಟರಲ್ಲಿ ಸ್ಕ್ಯಾನಿನಲ್ಲಿ ಹೊಸ ಸುದ್ದಿ. ಅದೇ ಹಾಳು ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ, ಎರಡು ಗಂಟು ಕಟ್ಟಿಕೊಂಡು ಕೂತಿತ್ತು.

"ಬೇರೆಲ್ಲೂ ಇಲ್ಲ, ತೆಗೀಬಹುದು. ಆದ್ರೆ ಉಸಿರಿನ ಶಕ್ತಿ ಸಾಲ್ದಿದ್ರೆ ನಾನು ಕೈ ಹಾಕಲ್ಲ," ಅಂದರು ಆಪರೇಷನ್ ಮಾಡುವ ಡಾಕ್ಟರಮ್ಮ. ಅಭ್ಯಾಸಕ್ಕೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದರಲ್ಲಿ ಮೂರು ಗುಂಡು, ಪಕ್ಕದಲ್ಲೊಂದು ಪೈಪು. ಗುಂಡು ಮೇಲೇಳಬೇಕು. ಹೇಗೆಂದು ಹೇಳಲು ನರ್ಸ್ ಬಾಯಿ ತೆರೆಯುತ್ತಲೇ ಇವರು, "ನಂಗೇ ಹೇಳ್ಕೊಡ್ತೀರೇನಮ್ಮಾ? ಇದೇ ನನ್ನ ಕಸುಬು!" ಅಂತ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ಮನೆಗೆ ಬಂದು ಊದಿದರು. ಗುಂಡು ಮಿಸುಕಲಿಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ ಊದಿದರು. ಊಹೂಂ. ಅದೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ನನ್ನ ಮೈದುನ ಬಂದು, "ಅಣ್ಣಾ, ಹೊಟ್ಟೆಯಿಂದ ಊದೋ!" ಅಂತ ಹುರಿದುಂಬಿಸಿದ. ವಾರವಿಡೀ ಮನೆಯಲ್ಲಿ ಬುಸ್ ಬುಸ್ ಸದ್ದು. ಕೊನೆಗೆ ಇವರು ಪೈಪು ಕೆಳಗಿಟ್ಟು, "ಮುಗೀತು ಕಣೇ. ಇನ್ನು ಆಪರೇಷನ್ ಮಾಡಲ್ಲ ಅವರು," ಅಂದರು. ನನ್ನ ಜೀವ ಬಾಯಿಗೆ ಬಂತು.

ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಇವರು ನರ್ಸ್ ಎದುರು ಊದಿ ತೋರಿಸಿದರು. ಆಕೆ ತುಟಿ ಕಚ್ಚಿ ನಗು ತಡೆದುಕೊಂಡು, "ಯಜಮಾನ್ರೇ, ಊದೋದಲ್ಲ. ಉಸಿರು ಒಳಗೆ ಎಳ್ಕೋಬೇಕು," ಅಂದಳು.

ಎಳೆದರು. ಮೂರು ಗುಂಡೂ ಟಕ್ಕನೆ ಮೇಲೇರಿ ನಿಂತವು.

"ಮೊದಲೇ ಹೇಳಬಾರದೇನಮ್ಮಾ?" ಅಂದರಲ್ಲ ಮಹಾರಾಯರು! ಆಸ್ಪತ್ರೆ ಅಂತಲೂ ನೋಡದೆ ಜನ್ಮ ಜಾಲಾಡಿದೆ. "ಜಂಬಕ್ಕೆ ಪ್ರಾಣ ಬಿಡೋರಿದ್ರಲ್ರೀ!"

ಉಸಿರಿನ ಪರೀಕ್ಷೆ ಪಾಸಾಯಿತು. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಎರಡೂ ಗಂಟು ತೆಗೆದರು. "ಪೂರ್ತಿ ಬಂದಿವೆ. ಆದ್ರೂ ಆಗಾಗ ಸ್ಕ್ಯಾನ್ ಮಾಡಿಸ್ತಾ ಇರ್ಬೇಕು," ಅಂದರು ಡಾಕ್ಟರಮ್ಮ.

ಎದೆಯಲ್ಲಿ ಕಫ ನಿಲ್ಲಬಾರದು, ಕೆಮ್ಮಿಸಿ ಅಂತ ನರ್ಸ್ ಹೇಳಿಹೋದಳು. ನೋವಿಗೆ ಹೆದರಿ ಇವರು ಸುತರಾಂ ಒಲ್ಲೆ ಅಂದರು. ಪಕ್ಕೆಗೆ ದಿಂಬು ಒತ್ತಿ ಹಿಡಿದು, "ಕೆಮ್ಮ್ರೀ!" ಅಂತ ಗದರಿದೆ. ಹಲ್ಲು ಕಚ್ಚಿ ಕೆಮ್ಮಿದರು. ಆಮೇಲೆ ನನ್ನನ್ನೇ ನೋಡುತ್ತಾ, "ನಾನು ಹೋಗೇಬಿಡ್ತೀನಿ ಅಂದ್ಕೊಂಡಿದ್ಯಾ?" ಅಂತ ಕೇಳಿದರು.

"ಹೂಂ," ಅಂದವಳೇ ದಿಂಬಿನ ಮೇಲೆ ಮುಖವಿಟ್ಟು ಅತ್ತುಬಿಟ್ಟೆ.

"ನಾನೂ ಕಣೇ," ಅಂದು, ನಾನು ಹೇಳದೆಯೇ ಇನ್ನೊಮ್ಮೆ ಕೆಮ್ಮಿದರು.